ಗರುಡಪತ್ರೆಯ ನಿಜವಾದ ಹೆಸರು

ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ತಿರುವಲ್ಲಿಕೇಣಿಯ ಒಂದು ಸಂದಿಯಲ್ಲಿ ನಮ್ಮ ಮನೆ. ಪೂರ್ತಿ ಮನೆಯಲ್ಲ, ಮದರಾಸಿನವರು ‘ಪೋರ್ಷನ್’ ಎನ್ನುವ ಕೆಳಗಿನ ಭಾಗ. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು ಮತ್ತು ಬಾವಿ. ಎರಡು ಕಡೆಯ ಗೋಡೆಗಳೂ ಪಕ್ಕದ ಮನೆಗಳಿಗೆ ಅಂಟಿಕೊಂಡಿದ್ದರಿಂದ ಕಿಟಕಿಗೆ ಜಾಗವೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಒಂದು ಪಟ್ಟಿ ಬಿಸಿಲು ಒಳಗೆ ಬಂದು, ಮಾವನವರ ಈಸಿಚೇರಿನ ಕಾಲು ಮುಟ್ಟಿ, ಕಾಲು ಗಂಟೆಯಲ್ಲಿ ಹೊರಟುಹೋಗುತ್ತಿತ್ತು.

ತವರಿನಲ್ಲಿ ನನಗೆ ಗಿಡಗಳ ಹುಚ್ಚು. ಇಲ್ಲಿಯೂ ಹಾಲ್‌ನ ಮೂಲೆಯಲ್ಲಿ ಏನಾದರೂ ಹಸಿರು ಇರಬೇಕೆಂದು ಆಸೆಪಟ್ಟು, ತಳ್ಳುಗಾಡಿಯವನಿಂದ ಮೊದಲು ಗುಲಾಬಿ ತೆಗೆದುಕೊಂಡೆ. ಎಂಟು ದಿನದಲ್ಲಿ ಅದು ಕಡ್ಡಿಯಾಯಿತು. ಬಣ್ಣಬಣ್ಣದ ಕ್ರೋಟನ್ ತಂದೆ. ಅದು ದಿನಕ್ಕೊಂದರಂತೆ ಎಲೆ ಉದುರಿಸಿ, ಲೆಕ್ಕ ಮುಗಿದ ಮೇಲೆ ಸತ್ತಿತು. ಬಾವಿಯ ನೀರು ಉಪ್ಪು, ಗಾಳಿಯೂ ಉಪ್ಪು, ಮನೆಯೊಳಗೆ ಕತ್ತಲು. ಮೂರನೆಯ ಗಿಡವೂ ಹೋದಾಗ ಅತ್ತೆ ಖಾಲಿ ಕುಂಡ ನೋಡಿ ಹೇಳಿದರು: “ಈ ಮನೇಲಿ ಬೆಳೆಯೋದು ಎರಡೇ ಅಮ್ಮ. ನನ್ನ ಮಂಡಿನೋವು, ಇವರ ಹಳೇ ಪೇಪರಿನ ಕಟ್ಟು.”

ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವ ಮನೆತನ. ಅವರ ಕನ್ನಡದಲ್ಲಿ ತಮಿಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನನಗೆ ಮೊದಲ ಆರು ತಿಂಗಳು ತಿಳಿಯಲಿಲ್ಲ. ಮನಸ್ಸು ಬೆಣ್ಣೆ. ಬಾಯಿ ಮಾತ್ರ ಬೇರೆಯೇ. ಬೆಳಿಗ್ಗೆ ಹಾಲಿನವನಿಂದ ಶುರುವಾದರೆ ತರಕಾರಿಯವಳು, ಧೋಬಿ, ಪೋಸ್ಟ್‌ಮ್ಯಾನ್, ಯಾರನ್ನೂ ಬಿಡುತ್ತಿರಲಿಲ್ಲ. ಬದನೆಕಾಯಿ ಮಾರುವವಳು ನಮ್ಮ ಮನೆ ಮುಂದೆ ಬಂದಾಗ ದನಿ ತಗ್ಗಿಸಿ ನಡೆಯುವುದನ್ನು ನಾನೇ ಕಂಡಿದ್ದೇನೆ. ಮಾವನವರು ಇದಕ್ಕೆ ತದ್ವಿರುದ್ಧ. ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರಾಗಿದ್ದು ನಿವೃತ್ತರಾದವರು, ಪೇಪರಿನ ಹಿಂದೆ ಕೂತರೆ ಊಟಕ್ಕೆ ಮಾತ್ರ ಹೊರಗೆ ಬರುತ್ತಿದ್ದರು.

ನಮ್ಮವರ ಆಫೀಸಿನಲ್ಲಿ ಆಂಗ್ಲೋ ಇಂಡಿಯನ್ ಟೈಪಿಸ್ಟ್ ಒಬ್ಬಾಕೆ ಇದ್ದರು. ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಹಡಗಿಗೆ ಇನ್ನೂ ಎರಡು ತಿಂಗಳಿತ್ತು, ಅಷ್ಟರೊಳಗೆ ಮನೆಯ ಸಾಮಾನು ಒಂದೊಂದಾಗಿ ಹಂಚುತ್ತಿದ್ದರು. ನಮ್ಮವರು ನನ್ನ ಗಿಡಗಳ ಸಾವಿನ ಕಥೆ ಹೇಳಿದಾಗ ಆಕೆ ಮಾರನೆಯ ದಿನವೇ ಒಂದು ಕುಂಡ ತಂದುಕೊಟ್ಟರಂತೆ. ಇದಕ್ಕೆ ಬಿಸಿಲು ಬೇಡ, ನೀರು ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು, ಎಲೆಯ ಮೇಲೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇಕೆಂದೇ ಕೊಲ್ಲಲು ಹೊರಟರೂ ಸಾಯುವುದಿಲ್ಲ ಎಂದಿದ್ದರಂತೆ.

ನಮ್ಮವರು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕೊಂಬೆ ಇಲ್ಲ, ಹೂವಿಲ್ಲ. ಮಣ್ಣಿನಿಂದ ನೇರವಾಗಿ ಮೇಲೆದ್ದ ಏಳು ಎಲೆಗಳು, ಕತ್ತಿಯಂತೆ ಚೂಪು. ಕಡು ಹಸಿರಿನ ಮೇಲೆ ಹಾವಿನ ಮೈಯಂಥ ಪಟ್ಟೆ, ಎರಡು ಅಂಚಿಗೂ ಹಳದಿ ಗೆರೆ. ಅತ್ತೆ ಬಗ್ಗಿ ನೋಡಿ, “ಅಡಡಾ, ಜರಿ ಅಂಚು ಎಷ್ಟು ಚೆನ್ನಾಗಿದೆ, ಕಾಂಚೀಪುರದ ಸೀರೆ ಥರಾನೇ” ಎಂದು ಮೆಚ್ಚಿದರು.

ನಾನು ಅಡುಗೆಮನೆಗೆ ಹೋದೆ. ನಮ್ಮವರು ಹಿಂದೆಯೇ ಬಂದು ಬಾಗಿಲು ಮರೆಮಾಡಿ, ಆ ಗಿಡದ ಇಂಗ್ಲಿಷ್ ಹೆಸರು ಏನೆಂದು ಕಿವಿಯಲ್ಲಿ ಹೇಳಿದರು. ಮದರ್ ಇನ್ ಲಾಸ್ ಟಂಗ್. ಅತ್ತೆಯ ನಾಲಿಗೆ. ನನ್ನ ಕೈಯಿಂದ ಸೌಟು ಸಾರಿನೊಳಗೆ ಬಿತ್ತು. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡರೂ ಸದ್ದು ಹೊರಗೆ ಹೋಗಿಬಿಟ್ಟಿತು.

ಹಾಲ್‌ನಿಂದ ಅತ್ತೆ ಕೇಳಿದರು: “ಅಲ್ಲೇನೋ ನಗು? ಗಿಡಕ್ಕೆ ಹೆಸರು ಏನೋ ಕಣ್ಣಾ?”

ನಮ್ಮವರು ಹೊರಗೆ ಹೋಗಿ ನಿಂತರು. ಒಂದು ಕ್ಷಣ ದೇವರ ಗೂಡಿನ ಕಡೆ ನೋಡಿದರು. ಅಲ್ಲಿ ಗರುಡವಾಹನದ ಪಟವಿತ್ತು.

“ಗರುಡಪತ್ರೆ ಅಂತಾರೆ ಅಮ್ಮ” ಎಂದರು.

ಮಾವನವರ ಪೇಪರು ನಾಲ್ಕು ಬೆರಳು ಕೆಳಗಿಳಿಯಿತು. ಕನ್ನಡಕದ ಮೇಲಿನಿಂದ ಅವರು ಮಗನನ್ನು ನೋಡಿದರು. ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿದವರು ಅಂಥ ಪದವನ್ನು ಎಲ್ಲೂ ಕಂಡಿರಲಿಕ್ಕಿಲ್ಲ. ಪೇಪರನ್ನು ಮತ್ತೆ ಮೇಲಕ್ಕೆತ್ತಿದರು.

ತೊಂದರೆ ಶುರುವಾದದ್ದು ಮಾರನೆಯ ಬೆಳಿಗ್ಗೆ. ಹಿತ್ತಲಿನ ತುಳಸಿಗೆ ನೀರು ಹಾಕಿ ಬಂದ ಅತ್ತೆ ಉಳಿದ ಅರ್ಧ ಚೊಂಬನ್ನು ಗರುಡಪತ್ರೆಗೆ ಎರೆದರು. ಏಳು ಎಲೆಗೂ ಕುಂಕುಮ ಹಚ್ಚಿದರು. ಕುಂಡದ ಮುಂದೆ ಎರಡೆಳೆ ರಂಗೋಲಿ ಎಳೆದರು. ಇದಕ್ಕೆ ದಿನಾ ನೀರು ಬೇಡ ಅತ್ತೆ ಎಂದು ನಾನು ಮೆಲ್ಲಗೆ ಹೇಳಿದರೆ, ಬಾಯಿಲ್ಲದ ಜೀವವನ್ನು ಒಣಗಿಸಬೇಕು ಅಂತೀಯಾ ಎಂದು ನನ್ನನ್ನೇ ಕೇಳಿದರು. ಆ ಗಿಡಕ್ಕೆ ಬಾಯಿಲ್ಲ ಎಂದದ್ದು ಕೇಳಿ ನಾನು ಮತ್ತೆ ಅಡುಗೆಮನೆಗೆ ಓಡಬೇಕಾಯಿತು. ವಾರದೊಳಗೆ ಬೀದಿಯ ನಾಲ್ಕಾರು ಹೆಂಗಸರು ಬಂದು ನೋಡಿಕೊಂಡು ಹೋದರು. ಯಾವ ಪುರಾಣದಲ್ಲಿ ಬರುತ್ತದೆ ಎಂದು ಒಬ್ಬಾಕೆ ಕೇಳಿದಾಗ ಅತ್ತೆ ಮಾವನವರ ಕಡೆ ಕೈ ತೋರಿಸಿದರು. ಮಾವನವರು ತುರ್ತಾಗಿ ಚಪ್ಪಲಿ ಮೆಟ್ಟಿಕೊಂಡು ಬೀಚಿನ ಕಡೆ ನಡೆದರು.

ತಿಂಗಳು ಕಳೆಯುವಷ್ಟರಲ್ಲಿ ಮೂರು ಎಲೆಗಳ ಬುಡ ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಬರುವಂತಾಯಿತು. ಕೊಳೆತ ಸೌತೆಕಾಯಿಯ ವಾಸನೆ. ಕೊಲ್ಲಲು ಹೊರಟರೂ ಸಾಯದ ಗಿಡವನ್ನು ಭಕ್ತಿಯಿಂದ ಕೊಲ್ಲಬಹುದು ಎಂದು ನನಗೆ ಆಗ ಗೊತ್ತಾಯಿತು. ನಮ್ಮವರು ಟೈಪಿಸ್ಟ್ ಹತ್ತಿರ ಓಡಿದರು. ದಿನಾ ನೀರು ಹಾಕಿದ್ದು ಯಾರು ಎಂದು ಆಕೆ ಕೇಳಿದರಂತೆ. ನಮ್ಮ ತಾಯಿ ಎಂದಾಗ ಆಕೆಗೆ ನಗು ಬಂದು, ಅವತ್ತು ಮಧ್ಯಾಹ್ನದವರೆಗೆ ಒಂದು ಪತ್ರವೂ ತಪ್ಪಿಲ್ಲದೆ ಟೈಪಾಗಲಿಲ್ಲವಂತೆ.

ಆಕೆ ಹೇಳಿದಂತೆಯೇ ಮಾಡಿದೆ. ಅತ್ತೆ ಮಧ್ಯಾಹ್ನ ಮಲಗಿದಾಗ ಗಿಡವನ್ನು ಕುಂಡದಿಂದ ಬಿಡಿಸಿ, ಕೊಳೆತದ್ದನ್ನೆಲ್ಲ ಈಳಿಗೆಮಣೆಯಲ್ಲಿ ಕೊಯ್ದು ಎಸೆದೆ. ಉಳಿದದ್ದನ್ನು ಎರಡು ದಿನ ನೆರಳಲ್ಲಿ ಒಣಗಲು ಬಿಟ್ಟು, ಮಣ್ಣಿಗೆ ಅರ್ಧದಷ್ಟು ಮರಳು, ಇಟ್ಟಿಗೆಯ ಚೂರು ಸೇರಿಸಿ ಮತ್ತೆ ನೆಟ್ಟೆ. ಬಿದ್ದ ಎಲೆಗಳ ಗಟ್ಟಿ ಭಾಗವನ್ನು ಗೇಣುದ್ದ ತುಂಡು ಮಾಡಿ ಒಂದು ಹಳೆಯ ಡಬ್ಬದಲ್ಲಿ ಚುಚ್ಚಿಟ್ಟೆ. ಅತ್ತೆ ಕೇಳಿದಾಗ ಗಿಡಕ್ಕೆ ಶೀತವಾಗಿದೆ ಎಂದೆ. ಅವರು ನಂಬಿದರು. ಶುಂಠಿ ಕಷಾಯ ಹಾಕೋಣವೇ ಎಂದು ಕೇಳಿದರು.

ಇನ್ನು ಅವರ ಚೊಂಬಿನಿಂದ ಅದನ್ನು ಕಾಪಾಡುವುದು ಹೇಗೆ? ಆ ರಾತ್ರಿಯ ಊಟದ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಗರುಡಪತ್ರೆ ಮಹಾ ಮಡಿಯ ಗಿಡವಂತೆ ಅತ್ತೆ, ಏಕಾದಶಿ ಮುಗಿಸಿ ದ್ವಾದಶಿಯ ಪಾರಣೆ ದಿನ ಮಾತ್ರ ನೀರು ಮುಟ್ಟುತ್ತದಂತೆ, ನಡುವೆ ಕೊಟ್ಟರೆ ವ್ರತಭಂಗವಂತೆ ಎಂದೆ. ಸರಿಯಾಗಿ ಹದಿನೈದು ದಿನಕ್ಕೊಮ್ಮೆ. ಪಂಚಾಂಗ ಬರೆದವರೇ ಈ ಗಿಡ ಸಾಕಿದ್ದರೋ ಎನ್ನುವ ಹಾಗೆ ಹೊಂದುತ್ತಿತ್ತು. ಅತ್ತೆ ತುತ್ತು ಕೈಯಲ್ಲೇ ಹಿಡಿದು ಗಿಡದ ಕಡೆ ನೋಡಿದರು.

“ನನಗಿಂತ ಕಟ್ಟುನಿಟ್ಟು” ಎಂದರು ಗೌರವದಿಂದ. “ನಾನಾದರೂ ಏಕಾದಶಿ ದಿನ ಒಂದು ಲೋಟ ಕಾಫಿ ಕುಡೀತೀನಿ.”

ಅಂದಿನಿಂದ ಗಿಡ ಚೇತರಿಸಿಕೊಂಡಿತು. ಕತ್ತಲಲ್ಲೇ ಹೊಸ ಮೊಳಕೆಗಳು ಸುರುಳಿ ಸುತ್ತಿಕೊಂಡು ಮಣ್ಣಿನಿಂದ ಮೇಲೆದ್ದವು. ಎರಡು ವರ್ಷದಲ್ಲಿ ನನ್ನ ಸೊಂಟದ ಎತ್ತರ ಬಂತು. ಡಬ್ಬದಲ್ಲಿ ಚುಚ್ಚಿದ ತುಂಡುಗಳೂ ಬೇರು ಬಿಟ್ಟವು, ಆದರೆ ಅವುಗಳಿಂದ ಬಂದ ಎಲೆಗಳಿಗೆ ಹಳದಿ ಅಂಚೇ ಇರಲಿಲ್ಲ. ಜರಿ ಎಲ್ಲಿ ಹೋಯಿತು, ನೀನು ಸೋಪು ಹಾಕಿ ತೊಳೆದೆಯಾ ಎಂದು ಅತ್ತೆ ವಿಚಾರಣೆ ಮಾಡಿದರು. ಎಲೆ ಕತ್ತರಿಸಿ ನೆಟ್ಟರೆ ಅಂಚು ಬರುವುದಿಲ್ಲ, ಬುಡದಲ್ಲಿ ಹುಟ್ಟಿದ ಮರಿಯನ್ನು ಬೇರು ಸಮೇತ ಬಿಡಿಸಿ ನೆಡಬೇಕು ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಮೇಲಿನ ಪೋರ್ಷನ್ನಿನಲ್ಲಿ ಒಬ್ಬರು ಕನ್ನಡದವರೇ ಬಾಡಿಗೆಗಿದ್ದರು. ಕೋಡಂಬಾಕ್ಕಂನ ಒಂದು ಸ್ಟುಡಿಯೋದಲ್ಲಿ ಸೆಟ್ಟಿಗೆ ಸಾಮಾನು ಹೊಂದಿಸುವ ಕೆಲಸ ಅವರದು. ಆಗ ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದವಲ್ಲ, ಅವರಿಗೆ ಯಾವಾಗಲೂ ಏನಾದರೊಂದು ಬೇಕಾಗಿರುತ್ತಿತ್ತು. ಹಿಂದೊಮ್ಮೆ ಮಾವನವರ ಈಸಿಚೇರನ್ನು ಒಂದು ದಿನಕ್ಕೆಂದು ಅವರು ಒಯ್ದದ್ದರಿಂದ ಮಾವನವರು ಎರಡು ವಾರ ಚಾಪೆಯ ಮೇಲೆ ಕೂತಿದ್ದರು. ಒಂದು ದಿನ ಅವರು ಇಳಿದುಬಂದು, ಶ್ರೀಮಂತರ ಬಂಗಲೆಯ ಸೆಟ್ಟಿಗೆ ನಿಮ್ಮ ಗಿಡ ಬೇಕು, ಲೈಟಿನ ಶಾಖಕ್ಕೆ ಬೇರೆ ಗಿಡಗಳೆಲ್ಲ ಬಾಡಿಬಿಡುತ್ತವೆ, ಇದೊಂದು ತಡೆಯುತ್ತದೆ ಎಂದು ಕೇಳಿದರು.

ಅತ್ತೆ ಒಪ್ಪಿದರು. ಆದರೆ ತಾವೂ ಜೊತೆಗೆ ಬರುತ್ತೇನೆಂದು ಹಟ ಹಿಡಿದರು. ಅವತ್ತು ದಶಮಿ. ಸಿನಿಮಾದವರು ತಿಳಿಯದೆ ನೀರು ಹಾಕಿಬಿಟ್ಟರೆ ಯಾರು ಜವಾಬ್ದಾರಿ ಎಂಬುದು ಅವರ ವಾದ. ನಾನು ಅತ್ತೆಗೆ ಜೊತೆಯಾಗಿ ಹೊರಟೆ. ಸ್ಟುಡಿಯೋದ ವ್ಯಾನಿನಲ್ಲಿ ನಮ್ಮ ಒಂದು ಪಕ್ಕಕ್ಕೆ ಬಟ್ಟೆಯ ಕಂಬ, ಇನ್ನೊಂದು ಪಕ್ಕಕ್ಕೆ ಪ್ಲಾಸ್ಟರಿನ ಸಿಂಹ. ಅತ್ತೆ ದಾರಿಯುದ್ದಕ್ಕೂ ಕುಂಡವನ್ನು ಮಗುವಿನಂತೆ ಮಡಿಲಲ್ಲಿ ಹಿಡಿದು ಕೂತಿದ್ದರು.

ಸೆಟ್ಟಿನಲ್ಲಿ ದೊಡ್ಡ ಮೆಟ್ಟಿಲಿತ್ತು. ಹತ್ತಿಹೋದರೆ ಮೇಲೆ ಒಂದು ಹಲಗೆ, ಅಲ್ಲಿಗೆ ಮನೆ ಮುಗಿಯುತ್ತಿತ್ತು. ಇಷ್ಟು ದೊಡ್ಡ ಮನೆ ಕಟ್ಟಿ ಮೇಲೆ ಕೋಣೆ ಹಾಕಿಸಲಿಲ್ಲವಲ್ಲ ಎಂದು ಅತ್ತೆ ಬೇಸರಪಟ್ಟರು. ಚಿತ್ರದಲ್ಲಿ ಗಯ್ಯಾಳಿ ಅತ್ತೆಯ ಪಾತ್ರ ಮಾಡುತ್ತಿದ್ದಾಕೆ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು. ತುಂಬ ಮೆದು ಮಾತಿನ ಹೆಂಗಸು. ಐದು ನಿಮಿಷದಲ್ಲಿ ಇಬ್ಬರೂ ಮಾವಿನಕಾಯಿ ತೊಕ್ಕಿಗೆ ಮೆಂತ್ಯ ಎಷ್ಟು ಹಾಕಬೇಕು ಎನ್ನುವಲ್ಲಿಗೆ ಬಂದಿದ್ದರು. ಸಹಾಯಕನೊಬ್ಬ ಬಂದು ನೀವು ಯಾರು ಎಂದು ತಮಿಳಿನಲ್ಲಿ ಕೇಳಿದ. ನನಗೆ ತಮಿಳು ಇನ್ನೂ ಸರಿಯಾಗಿ ಬಾರದ ಕಾಲ. ಅತ್ತೆಯನ್ನು ತೋರಿಸಿ, ಇವರು ನನ್ನ ಮದರ್ ಇನ್ ಲಾ ಎಂದೆ. ಅತ್ತೆಯೂ ತಲೆಯಾಡಿಸಿ, “ಆಮಾ, ಮದರ್ ಇನ್ ಲಾ” ಎಂದರು. ಆ ಮಾತು ಅವರಿಗೆ ಗೊತ್ತಿತ್ತು. ನಮ್ಮವರ ಆಫೀಸಿನವರು ಮನೆಗೆ ಬಂದಾಗೆಲ್ಲ ನಾನು ಹಾಗೇ ಪರಿಚಯಿಸುತ್ತಿದ್ದೆ.

ದೀಪಗಳು ಹೊತ್ತಿದವು. ಗಿಡವನ್ನು ಮೆಟ್ಟಿಲ ಪಕ್ಕ ಇಟ್ಟಿದ್ದರು. ಅದರ ಹತ್ತಿರವೇ, ಕ್ಯಾಮೆರಾಕ್ಕೆ ಕಾಣದಂತೆ, ಅತ್ತೆಗೂ ನನಗೂ ಎರಡು ಸ್ಟೂಲ್ ಹಾಕಿದ್ದರು. ಕ್ಯಾಮೆರಾದ ಹಿಂದಿದ್ದವರು ಒಂದು ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ ಹೇಳಿದರು: “ಮದರ್ ಇನ್ ಲಾಸ್ ಟಂಗ್, ಕೊಂಜಂ ಲೆಫ್ಟ್.”

ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಎಡಕ್ಕೆ ಬಂದರು. ಈಗ ಅವರು ಪೂರ್ತಿ ಬೆಳಕಿನಲ್ಲಿದ್ದರು.

ನಮ್ಮ ಬೀದಿಯ ಡಾಕ್ಟರರು ರೋಗಿಗಳಿಗೆ ಒಂದೊಂದೇ ಇಂಗ್ಲಿಷ್ ಪದದಲ್ಲಿ ಅಪ್ಪಣೆ ಕೊಡುತ್ತಿದ್ದರು. ಹ್ಯಾಂಡ್. ಚೆಸ್ಟ್. ಟಂಗ್. ಅತ್ತೆ ಇಪ್ಪತ್ತು ವರ್ಷದಿಂದ ಅವರ ಹತ್ತಿರ ಹೋಗುತ್ತಿದ್ದವರು. ಟಂಗ್ ಎಂದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕ್ಷಣ ಹಿಂಜರಿದರು. ಸಿನಿಮಾದವರ ಪದ್ಧತಿ ಹೀಗೇ ಇರಬಹುದು ಎಂದುಕೊಂಡರೋ ಏನೋ, ಕ್ಯಾಮೆರಾದ ಕಡೆ ಮುಖ ಮಾಡಿ, ಬಾಯಿ ತೆರೆದು, ನಾಲಿಗೆಯನ್ನು ಉದ್ದಕ್ಕೆ ಚಾಚಿದರು.

ಕ್ಯಾಮೆರಾದವರು ಮುಚ್ಚಿದ್ದ ಕಣ್ಣನ್ನೂ ತೆರೆದರು. ಮೇಲೆ ಹಲಗೆಗಳ ಮೇಲೆ ಕೂತಿದ್ದ ಲೈಟಿನವರಲ್ಲಿ ಯಾರೋ ಒಬ್ಬ ಮೂಗಿನಲ್ಲಿ ನಕ್ಕ. ಆಮೇಲೆ ಎಲ್ಲರೂ. ಸಂಜೆಯ ಹೊತ್ತಿಗೆ ಸೊಸೆಗೆ ಬರೆ ಹಾಕಬೇಕಾಗಿದ್ದ ಆ ನಟಿ ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡು ಅಲ್ಲಾಡುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ.

ಮಹಡಿಯವರು ಓಡಿಬಂದು, ಅದು ನಿಮಗೆ ಹೇಳಿದ್ದಲ್ಲ ಅಮ್ಮ, ಗಿಡಕ್ಕೆ ಹೇಳಿದ್ದು, ಆ ಗಿಡದ ಹೆಸರೇ ಅದು ಎಂದು ವಿವರಿಸಿದರು. ಅತ್ತೆ ನಾಲಿಗೆ ಒಳಗೆಳೆದುಕೊಂಡು ಗರುಡಪತ್ರೆಯಲ್ಲವೇ ಎಂದು ಕೇಳಿದರು. ಅದು ತನಗೆ ಗೊತ್ತಿಲ್ಲ, ಇಲ್ಲಿ ಎಲ್ಲರೂ ಹೀಗೇ ಕರೆಯುವುದು ಎಂದರು ಅವರು. ಕ್ಯಾಮೆರಾದವರೇ ಬಂದು ಕೈಮುಗಿದು ಕ್ಷಮೆ ಕೇಳಿದರು. ಅತ್ತೆ ಪರವಾಗಿಲ್ಲ ಎಂಬಂತೆ ಕೈಯಾಡಿಸಿ, ಸಂಜೆಯವರೆಗೂ ಸ್ಟೂಲಿನ ಮೇಲೆ ಕಲ್ಲಿನ ಹಾಗೆ ಕೂತರು. ವಾಪಸು ಬರುವಾಗ ಕುಂಡ ನನ್ನ ಮಡಿಲಲ್ಲಿತ್ತು.

ಮನೆಗೆ ಬಂದು ಕಾಲು ತೊಳೆದುಕೊಂಡು ಹಾಲ್‌ನಲ್ಲಿ ಕೂತ ಮೇಲೆ ಅವರು ನನ್ನನ್ನು ಕರೆದರು. ನಮ್ಮವರು ಆಗಷ್ಟೇ ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತರು.

“ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ.”

“ಯಾವಾಗಿನಿಂದ?”

“ತಂದ ದಿನದಿಂದ.”

ಅವರು ಗಿಡದ ಕಡೆ ತಿರುಗಿದರು. ಬೆಳಿಗ್ಗೆ ಹಚ್ಚಿದ್ದ ಕುಂಕುಮ ಇನ್ನೂ ಎಲೆಗಳ ಮೇಲಿತ್ತು.

“ಎರಡು ವರ್ಷ” ಎಂದರು ನಿಧಾನವಾಗಿ, “ನಾನು ನನ್ನ ನಾಲಿಗೆಗೇ ಪೂಜೆ ಮಾಡಿಕೊಂಡಿದ್ದೀನಿ.”

ಪೇಪರಿನ ಹಿಂದೆ ಏನೋ ಸದ್ದಾಯಿತು. ಕಾಗದ ಗಡಗಡ ನಡುಗುತ್ತಿತ್ತು. ಮಾವನವರು ನಗುತ್ತಿದ್ದರು. ನಾನು ಆ ಮನೆಗೆ ಬಂದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು. ಅತ್ತೆ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಕುಂಡ ಬಟ್ಟೆ ಒಗೆಯುವ ಕಲ್ಲಿನ ಹಿಂದಕ್ಕೆ ಹೋಗಿತ್ತು. ಅತ್ತೆ ನನ್ನ ಜೊತೆ ಮಾತ್ರವಲ್ಲ, ಯಾರ ಜೊತೆಯೂ ಮಾತಾಡಲಿಲ್ಲ. ಚೌಕಾಸಿ ಮಾಡದೆ ಹೇಳಿದ ಬೆಲೆಗೇ ಬದನೆಕಾಯಿ ತೆಗೆದುಕೊಂಡರು. ಮಾರುವವಳು ಗಾಬರಿಯಾಗಿ, ಅಮ್ಮನಿಗೆ ಮೈಗೆ ಹುಷಾರಿಲ್ಲವೇ ಎಂದು ನನ್ನನ್ನು ಗುಟ್ಟಾಗಿ ಕೇಳಿದಳು. ಮೊದಲ ದಿನ ಮಾವನವರು ಪೇಪರನ್ನು ಬಹಳ ನೆಮ್ಮದಿಯಿಂದ ಓದಿದರು. ಎರಡನೆಯ ದಿನ ನಾಲ್ಕು ಸಲ ಕೆಮ್ಮಿದರು. ಮೂರನೆಯ ದಿನ ಪೇಪರು ಮಡಿಸಿಟ್ಟು ನನ್ನ ಹತ್ತಿರ ಬಂದು, ಹೋಗಿ ತಪ್ಪಾಯಿತು ಅಂತ ಹೇಳಮ್ಮ, ಈ ಮನೆ ಮನೆಯ ಹಾಗೆ ಇಲ್ಲ ಎಂದರು.

ನಾನು ಹೋದೆ. ಅತ್ತೆ ಹಿತ್ತಲಲ್ಲಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ತಪ್ಪಾಯಿತು ಎಂದೆ. ಅವರು ತಿರುಗಿ ನೋಡದೆ ಕೇಳಿದರು:

“ಈ ಹೆಸರು ಇಟ್ಟೋರು ಯಾರು? ನೀನಾ?”

“ಅಯ್ಯೋ ಇಲ್ಲ ಅತ್ತೆ. ಇಂಗ್ಲಿಷಿನವರು. ನಾವೆಲ್ಲ ಹುಟ್ಟೋಕೆ ಮುಂಚೇನೇ ಇಟ್ಟಿದ್ದು.”

“ಅಪ್ಪಡಿಯಾ? ಅಂದ್ರೆ ಅವರ ಊರಲ್ಲೂ ಅತ್ತೇರು ಹೀಗೇನಾ?”

“ಹಾಗೇ ಇರಬೇಕು.”

ಅವರು ನನ್ನ ಕಡೆ ತಿರುಗಿದರು. ಮುಖ ಸಡಿಲವಾಗುತ್ತಾ ಬಂತು.

“ಹಾಗಾದ್ರೆ ಪರವಾಗಿಲ್ಲ” ಎಂದರು. “ನಾನು ಅಂದ್ಕೊಂಡೆ ಇದು ನಮ್ಮ ಮನೆ ವಿಷಯ ಅಂತ.” ಎಲೆಯ ಚೂಪು ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. “ನನ್ನ ಅತ್ತೇದು ಆಗಿದ್ರೆ ಈ ಕುಂಡ ಸಾಲ್ತಿರಲಿಲ್ಲ. ಬಾವಿ ಒಳಗೆ ನೆಡಬೇಕಿತ್ತು.”

ನಾವಿಬ್ಬರೂ ಅಲ್ಲೇ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಮಾವನವರು ಬಾಗಿಲವರೆಗೆ ಬಂದು, ನೋಡಿ ವಾಪಸು ಹೋದರು. ಕುಂಡ ಅವತ್ತೇ ಹಾಲ್‌ಗೆ ಬಂತು. ಕುಂಕುಮ ನಿಂತಿತು, ದ್ವಾದಶಿಯ ನೀರು ಮಾತ್ರ ನಿಲ್ಲಲಿಲ್ಲ. ಅದು ವ್ರತವಲ್ಲ ಎಂದು ನಾನು ಒಪ್ಪಿಕೊಂಡ ಮೇಲೂ, ಅಭ್ಯಾಸ ಆಗಿಹೋಗಿದೆ ಪಾಪ, ಯಾಕೆ ಕೆಡಿಸಬೇಕು ಎಂದರು ಅತ್ತೆ.

ಆ ಬೇಸಿಗೆಯಲ್ಲಿ ಬುಡದಲ್ಲಿ ಐದಾರು ಮರಿಗಳು ಎದ್ದಿದ್ದವು. ಅತ್ತೆ ನನ್ನಿಂದ ಬಿಡಿಸುವ ಕ್ರಮ ಕಲಿತು, ಒಂದೊಂದನ್ನು ಒಂದೊಂದು ಡಬ್ಬದಲ್ಲಿ ನೆಟ್ಟು ಬೀದಿಯ ಮನೆಗಳಿಗೆ ಹಂಚಿದರು. ಅತ್ತೆಯರ ಕೈಗೆ ಕೊಡುವಾಗ ಗರುಡಪತ್ರೆ, ಬಹಳ ವಿಶೇಷ ಎನ್ನುತ್ತಿದ್ದರು. ಹೊರಡುವ ಮುಂಚೆ ಸೊಸೆಯನ್ನು ಪಕ್ಕಕ್ಕೆ ಕರೆದು ಇಂಗ್ಲಿಷ್ ಹೆಸರು ಹೇಳಿ ಬರುತ್ತಿದ್ದರು. ಹೀಗಾಗಿ ಆ ವರ್ಷ ನಮ್ಮ ಬೀದಿಯ ಅಡುಗೆಮನೆಗಳಿಂದ ಕಾರಣವಿಲ್ಲದ ನಗು ಆಗಾಗ ಕೇಳಿಬರುತ್ತಿತ್ತು.

ಚಿತ್ರ ಮರುವರ್ಷ ಬಂತು. ಮದರಾಸಿನಲ್ಲಿ ಕನ್ನಡ ಚಿತ್ರಕ್ಕೆ ಸಿಗುತ್ತಿದ್ದುದು ಭಾನುವಾರ ಬೆಳಗಿನ ಒಂದೇ ಆಟ. ಮಾವನವರೂ ಸೇರಿ ನಾಲ್ವರೂ ಹೋದೆವು. ಕಾದು ಕಾದು ಕೊನೆಗೆ ಮೆಟ್ಟಿಲಿನ ದೃಶ್ಯ ಬಂದಾಗ ನಮ್ಮ ಗಿಡದ ಮೂರು ಎಲೆ, ಅದೂ ಮಸುಕಾಗಿ, ನಾಯಕನ ಭುಜದ ಹಿಂದೆ ಕಂಡು ಮಾಯವಾಯಿತು. ಅತ್ತೆ ಪಕ್ಕದಲ್ಲಿದ್ದ ಅಪರಿಚಿತರ ತೋಳು ತಟ್ಟಿ, “ಅದು ನಮ್ಮದು” ಎಂದು ಹೇಳಿದರು. ಅವರು ಅತ್ತೆ ನಾಯಕನ ತಾಯಿ ಎಂದು ತಿಳಿದು ಎದ್ದು ನಮಸ್ಕಾರ ಮಾಡಿದರು. ಅತ್ತೆ ಬೇಡವೆನ್ನಲಿಲ್ಲ.

ಅದಾದ ಎರಡು ಮೂರು ವರ್ಷಕ್ಕೆ, ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಹಾಲ್‌ನಲ್ಲಿ ಗುರುತಿಲ್ಲದ ಒಂದು ಸುವಾಸನೆ. ಹುಡುಕಿದರೆ ಎಲೆಗಳ ನಡುವೆ ಒಂದು ದಂಟು ಎದ್ದು, ಅದರ ತುಂಬ ಸಣ್ಣ ಬಿಳಿ ಹೂಗಳು ಬಿರಿದಿದ್ದವು. ಆ ಗಿಡ ಹೂ ಬಿಡುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಅತ್ತೆ ಮಂಡಿನೋವು ಮರೆತು ನೆಲಕ್ಕೆ ಕೂತು ಮೂಸಿದರು, ನನ್ನನ್ನು ಕೂರಿಸಿ ಮೂಸಿಸಿದರು, ಮಾವನವರನ್ನು ಪೇಪರು ಕಿತ್ತುಕೊಂಡು ಎಬ್ಬಿಸಿ ಕರೆತಂದರು. ಮಾವನವರು ಬಗ್ಗಿ, ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದು, ಹನ್ನೊಂದು ಸಲ ಸೀನಿದರು. ಅತ್ತೆ ಅವರ ಬೆನ್ನು ನೀವುತ್ತಾ, ಒಂದು ಹೂವಿನ ಹತ್ತಿರ ಬರೋಕೂ ಇವರಿಗೆ ಬರಲ್ಲ ಎಂದು ಶುರುಮಾಡಿದವರು ಊಟಕ್ಕೆ ಎಲೆ ಹಾಕುವವರೆಗೂ ನಿಲ್ಲಿಸಲಿಲ್ಲ.